ಬಿಸಿಲಿಗೆ ಹರವಿದ ಹಿಂಡಿ

ನನ್ನ ಅಕ್ಕನನ್ನು ಇಡೀ ಪೇಟೆ ಮೊಲದಕ್ಕ ಎಂದೇ ಕರೆಯುತ್ತದೆ. ಮಂಡಿಯಲ್ಲಿ ಬೇರೆಯವರು ಹೂಕೋಸು ಕೊಂಡರೆ ಇವಳು ಅದರ ಎಲೆ ಕೇಳುತ್ತಾಳೆ. ಬಟಾಣಿ ಸಿಪ್ಪೆ, ಕ್ಯಾರೆಟ್ ಸೊಪ್ಪು, ಕಾಯಿ ಬಿಡಿಸಿಕೊಂಡ ಮೇಲೆ ಉಳಿದ ಕಡಲೆ ಬಳ್ಳಿ, ಹಿಟ್ಟಿನ ಗಿರಣಿಯ ಬೂಸಾ, ಎಲ್ಲವೂ ಅವಳ ಚೀಲಕ್ಕೆ. ಹಸಿ ಎಲೆಯನ್ನು ಅರ್ಧ ದಿನ ನೆರಳಲ್ಲಿ ಬಾಡಿಸದೆ ಹಾಕುವುದಿಲ್ಲ. ಹಾಕಿದರೆ ಮೊಲಕ್ಕೆ ಹೊಟ್ಟೆ ಉಬ್ಬರ. "ಗಂಡನಿಗಾದ್ರೆ ಹಳಸಿದ್ದೂ ಬಡಿಸ್ತಾಳೆ, ಮೊಲಕ್ಕೆ ಮಾತ್ರ ಇಲ್ಲ" ಎಂದು ಭಾವ ನಗುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ಇವಳನ್ನು ನೋಡಿಯೇ ಕಟ್ಟಿರಬೇಕು.

ಹಿತ್ತಿಲ ತಗಡಿನ ಚಾವಣಿಯ ಕೆಳಗೆ ಮೂರು ಸಾಲು ಗೂಡುಗಳಿವೆ. ಗೋಡೆ ಬದಿಯ ಸಾಲು ಹನ್ನೊಂದು ವರ್ಷದಿಂದ ಖಾಲಿ. ಗುಡಿಸುತ್ತಾಳೆ, ತೊಳೆಯುತ್ತಾಳೆ, ಆದರೆ ಅದರೊಳಗೆ ಒಂದು ಮರಿಯನ್ನೂ ಬಿಡುವುದಿಲ್ಲ. ಮೊಲಕ್ಕೆ ಕೂಗಲು ಬಾರದು. ಅಪಾಯ ಕಂಡರೆ ಹಿಂಗಾಲಿನಿಂದ ಧಡ್ ಎಂದು ಹಲಗೆ ಬಡಿಯುತ್ತದೆ, ಅಷ್ಟೆ. ಆ ಸದ್ದು ಅಕ್ಕನಿಗೆ ಖಾಲಿ ಸಾಲಿನಿಂದ ಕೇಳಿಸುತ್ತದೆ, ಅದೂ ಪಟ್ಟಪಗಲಲ್ಲಿ. ಎಲೆ ಹೆಚ್ಚುತ್ತಿದ್ದ ಕೈ ಗಕ್ಕನೆ ನಿಲ್ಲುತ್ತದೆ.

"ಕೇಳಿಸ್ತಾ?"

"ಇಲ್ಲ ಕಣೇ. ಸುಮ್ನೆ ಕೆಲಸ ಮಾಡು."

ನಾನು ದೆವ್ವಗಿವ್ವ ನಂಬುವವಳಲ್ಲ. ಆದರೂ ಆ ಸಾಲಿಗೆ ಬೆನ್ನು ಹಾಕಿ ಕೂರುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ಆಗಿದ್ದು ಇಷ್ಟು. ಮೂಲೆಮನೆಯ ಗಾಣದವನಿಂದ ಅಕ್ಕ ಎರಡು ಚೀಲ ಕಡಲೆಕಾಯಿ ಹಿಂಡಿ ತಂದಿದ್ದಳು. ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ ಅದು. ಬೂಸಾದ ಜೊತೆ ಒಂದು ಹಿಡಿ ಬೆರೆಸಿದರೆ ಮರಿಗಳು ಮೈ ತುಂಬಿಕೊಳ್ಳುತ್ತವೆ. ಚೀಲಗಳನ್ನು ತಗಡು ಸೋರುವ ಕಡೆಯೇ ಇಟ್ಟು ಮರೆತಳು. ವಾರದ ಮೇಲೆ ಬಿಚ್ಚಿದರೆ ಹಸಿರು ಬೂಷ್ಟು. ಬಿಸಾಡು ಎಂದೆ. "ಬಿಸಿಲಿಗೆ ಹಾಕಿದ್ರೆ ಎಲ್ಲ ಸರಿಹೋಗುತ್ತೆ" ಎಂದಳು. ಹಳೇ ಸೀರೆ ಹಾಸಿ ಹರವಿದೆವು. ಸೀರೆಯ ಇನ್ನೊಂದು ತುದಿ ಹಿಡಿದವಳು ನಾನೇ. ಮೂರು ದಿನಕ್ಕೆ ಬೂಷ್ಟು ಉದುರಿ, ವಾಸನೆ ಹೋಗಿ, ಹಿಂಡಿ ಹೊಸದರ ಹಾಗೆ ಕಂಡಿತು. ಬಿಸಿಲಿಗೆ ಬೂಷ್ಟು ಹೋಗುತ್ತದೆ, ಅದರ ವಿಷ ಹೋಗುವುದಿಲ್ಲ ಎಂಬುದು ನಮಗೆ ಗೊತ್ತಾಗಲು ಗೋಡೆ ಬದಿಯ ಸಾಲಿನ ನಲವತ್ತೆರಡು ಮೊಲ ಸಾಯಬೇಕಾಯಿತು. ಮೊದಲು ಮೇವು ಬಿಟ್ಟವು. ಆಮೇಲೆ ಮುದುಡಿ ಕೂತವು. ಕೂತಲ್ಲೇ ತಣ್ಣಗಾದವು.

ಬೀದಿಯವರೆಲ್ಲ ಸೇರಿ ಏನಾಯಿತು ಎಂದು ಕೇಳಿದಾಗ ಅಕ್ಕನ ಬಾಯಿಂದ ಬಂದ ಮಾತು, "ಗಾಣದವನ ಹಿಂಡಿ." ಅದು ಸುಳ್ಳೇನಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ಆ ಮನುಷ್ಯನಿಂದ ಮೊದಲು ಹಿಂಡಿ ಕೊಳ್ಳುವುದನ್ನು ಬಿಟ್ಟರು, ಆಮೇಲೆ ಎಣ್ಣೆಯನ್ನೂ ಬಿಟ್ಟರು. ಎರಡು ವರ್ಷಕ್ಕೆ ಗಾಣ ನಿಂತಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಅವನ ಮಾನ ಹೋದದ್ದು ಒಂದು ಮಾತಿಗೆ. ಅದನ್ನು ಹಿಂದಿರುಗಿಸುವ ಮಾತೂ ಅಕ್ಕನ ಬಾಯಲ್ಲೇ ಇತ್ತು. "ಈ ವಾರ ಹೋಗಿ ಹೇಳಿಬಿಡ್ತೀನಿ" ಎಂದು ಎಷ್ಟು ಸಲ ಚಪ್ಪಲಿ ಮೆಟ್ಟಿದಳೋ, ಎಷ್ಟು ಸಲ ಬಾಗಿಲಲ್ಲೇ ಬಿಟ್ಟಳೋ. ಹೋದ ತಿಂಗಳು ಅವನು ತೀರಿಕೊಂಡ ಸುದ್ದಿ ಬಂತು. "ಇನ್ಯಾರಿಗೆ ಹೇಳ್ಲಿ?" ಎಂದಳು. ನನಗೆ ಸಿಟ್ಟು ಬಂತು, ಅವಳಿಗಿಂತ ಹೆಚ್ಚು ನನ್ನ ಮೇಲೆಯೇ.

ಮೊನ್ನೆ ಬೆಳಿಗ್ಗೆ ಗಾಣದವನ ಮಗಳು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಮೂವತ್ತು ದಾಟಿದ, ಮಾತು ಕಡಿಮೆಯ ಹೆಂಗಸು.

"ಮೊಲ ಸಾಕೋದು ಕಲಿಸ್ತೀರಾ?" ಎಂದಳು.

ಅಕ್ಕ ಅವಳನ್ನು ಕೂರಿಸಿ ಎಲೆ ಬಾಡಿಸುವುದು, ಬಳ್ಳಿಯ ಮಣ್ಣು ಕೊಡವುವುದು ಎಲ್ಲ ಹೇಳಿದಳು. ಹಿಂಡಿಯ ಡಬ್ಬ ತೆಗೆದವಳು ನನ್ನ ಮುಖ ನೋಡಿದಳು. ಹೇಳು ಎಂದು ಕಣ್ಣಲ್ಲೇ ಅಂದೆ.

"ಇದು ಒದ್ದೆಯಾದ್ರೆ ಬಿಸಾಕ್ಬೇಕು ಕಣಮ್ಮ. ಒಣಗ್ಸಿ ಹಾಕ್ಬಾರ್ದು. ನಾನು ಹಾಕಿದ್ದೆ. ನಿಮ್ಮಪ್ಪ ಕೊಟ್ಟಿದ್ದು ಒಳ್ಳೇ ಹಿಂಡೀನೇ. ಕೆಡಿಸಿದ್ದು ನಾನು. ಊರಿಗೆಲ್ಲ ಅವರ ಹೆಸರು ಹೇಳ್ದೆ."

ಅವಳು ಬೈಯಲಿ, ಡಬ್ಬ ಎಸೆಯಲಿ ಎಂದು ನಾನು ಕಾಯುತ್ತಿದ್ದೆ.

"ಅಪ್ಪ ಹಾಸಿಗೆ ಹಿಡಿದ ಮೇಲೂ ಅದನ್ನೇ ಯೋಚಿಸ್ತಿದ್ರು," ಎಂದಳು ಅವಳು. "ಯಾವ ಚೀಲದಲ್ಲಿ ಕೆಟ್ಟ ಬೀಜ ಬಂತು, ನಾನ್ಯಾಕೆ ನೋಡ್ಲಿಲ್ಲ ಅಂತ. ತಪ್ಪು ತನ್ನದೇ ಅಂತ ಒಪ್ಕೊಂಡೇ ಹೋದ್ರು. ಆ ಅಕ್ಕನ ಹತ್ರ ನನ್ನ ಪರವಾಗಿ ಕ್ಷಮೆ ಕೇಳು ಅಂದಿದ್ರು. ನಾನು ಬಂದಿದ್ದು ಅದಕ್ಕೆ. ಹೇಗೆ ಶುರು ಮಾಡ್ಬೇಕು ಅಂತ ಗೊತ್ತಾಗ್ದೆ ಮೊಲದ ಮಾತು ತೆಗೆದೆ."

ಅಕ್ಕ ಅವಳ ಕೈ ಹಿಡಿಯಲು ಹೋದಳು. ಅವಳು ಕೊಡಲಿಲ್ಲ.