ಎಮೆಟ್ ವಾಸೆಕ್ ಮತ್ತು ಹಳದಿ ಜುಟ್ಟಿನ ಶಿರಸ್ತ್ರಾಣ

ಎಮೆಟ್ ವಾಸೆಕ್‌ನ ತಲೆ ಚಿಕ್ಕದು. ನೆಬ್ರಾಸ್ಕಾದ ಪಶ್ಚಿಮ ಭಾಗವನ್ನೆಲ್ಲ ಜಾಲಾಡಿದರೂ ಅಷ್ಟು ಚಿಕ್ಕ ತಲೆ ಇನ್ನೊಂದು ಸಿಗಲಿಕ್ಕಿಲ್ಲ. ಶಾಲೆಯಲ್ಲಿ ‘ಬಟಾಣಿ’ ಎಂದು ಹೆಸರಿಟ್ಟ ಮಹಾನುಭಾವರು ಅವನಿಗೆ ಅರವತ್ತಾದ ಮೇಲೂ ಹಾಗೇ ಕರೆಯುತ್ತಿದ್ದರು. ಗಾಳಿಯಂತ್ರ ರಿಪೇರಿಗೆಂದು ಏಣಿ ಹತ್ತಿದರೆ ಟೋಪಿ ಮೂಗಿನ ಮೇಲೆ ಬಂದು ಕೂರುತ್ತಿತ್ತು. ಮದುವೆಯ ಫೋಟೋದಲ್ಲಿ ಟೋಪಿ ನಿಲ್ಲಲೆಂದು ಒಳಗೆ ತುರುಕಿದ ಪತ್ರಿಕೆ ಕಿವಿಯ ಪಕ್ಕ ಇಣುಕಿದೆ. ಆ ವಾರದ ದನಗಳ ರೇಟು ಇವತ್ತಿಗೂ ಓದಬಹುದು.

ಮೂವತ್ತನೆಯ ವಯಸ್ಸಿನಲ್ಲಿ, ಸತ್ತ ಜಮೀನ್ದಾರನೊಬ್ಬನ ಹರಾಜಿನಲ್ಲಿ, ಕುದುರೆ ಜೀನಿನ ಬಕಲ್‌ಗಳಿಗೆಂದು ಅವನೊಂದು ಪೆಟ್ಟಿಗೆ ಕೊಂಡ. ತಳದಲ್ಲಿ ಹಳೆಯ ಕುದುರೆಪಡೆಯವರು ಕವಾಯತಿಗೆ ಹಾಕುತ್ತಿದ್ದ ಶಿರಸ್ತ್ರಾಣವಿತ್ತು. ಕಪ್ಪು ಉಣ್ಣೆಯ ಗುಮ್ಮಟ, ಮುಂದೆ ಹಿತ್ತಾಳೆಯ ಹದ್ದು, ನೆತ್ತಿಯಿಂದ ಸುತ್ತಲೂ ಇಳಿಬಿದ್ದ ಕುದುರೆಕೂದಲಿನ ಹಳದಿ ಜುಟ್ಟು. ಎಮೆಟ್ ಆಚೆ ಈಚೆ ನೋಡಿ ತಲೆಗಿಟ್ಟುಕೊಂಡ. ಅಬ್ಬಾ! ಅಳತೆ ತೆಗೆದು ಹೊಲಿದಂತೆ ಕೂತಿತು. ಗಡಿಕೋಟೆಗಳಿಗೆ ಸೇರುತ್ತಿದ್ದ ಆ ಕಾಲದ ಹುಡುಗರು ಸಣಕಲರು, ತಲೆಗಳೂ ಸಣ್ಣವು.

ಆಮೇಲೆ ಹುಚ್ಚು ಹತ್ತಿತು. ಫಿರಂಗಿಪಡೆಯ ಕೆಂಪು ಜುಟ್ಟಿನವು, ಕಾಲಾಳುಗಳ ನೆತ್ತಿಯ ಮೇಲೆ ಹಿತ್ತಾಳೆ ಮೊನೆಯವು, ಒಟ್ಟು ಒಂಬತ್ತು ಜಮಾಯಿಸಿದ. ಸಂಗ್ರಾಹಕರ ಸಂಘಕ್ಕೂ ಸೇರಿದ. ಸಂಘದ ಮೊದಲ ನಿಯಮ, ಹಳೆಯ ಶಿರಸ್ತ್ರಾಣವನ್ನು ಯಾರೂ ತಲೆಗೆ ಹಾಕಕೂಡದು. ಬೆವರು ತಾಗಿದರೆ ಒಳಪಟ್ಟಿಯ ಚರ್ಮ ಹಾಳು. ಬಿಳಿ ಕೈಗವಸು ತೊಟ್ಟು, ಹಸುಗೂಸನ್ನು ಎತ್ತುವಂತೆ ಎತ್ತಬೇಕು. ಸಭೆಯಲ್ಲಿ ಈ ನಿಯಮ ಓದಿದಾಗ ಎಲ್ಲರಿಗಿಂತ ಜೋರಾಗಿ ಮೇಜು ಕುಟ್ಟುತ್ತಿದ್ದವನು ನಮ್ಮ ಎಮೆಟ್ಟೇ. ಕಳ್ಳ! ಪ್ರತಿ ಭಾನುವಾರ ಹೆಂಡತಿ ಡೋರೀನ್ ಚರ್ಚಿಗೆ ಹೋದದ್ದೇ ತಡ, ಗಾಜಿನ ಪೆಟ್ಟಿಗೆಯ ಬೀಗ ತೆಗೆದು, ಹಳದಿ ಜುಟ್ಟು ಧರಿಸಿ, ಸೇನಾಪತಿಯ ಗತ್ತಿನಲ್ಲಿ ತಿಂಡಿಗೆ ಕೂರುತ್ತಿದ್ದ.

ಒಂದು ಜೂನ್‌ನಲ್ಲಿ ಸಂಘದ ಪ್ರದರ್ಶನ ನಡೆಯಿತು. ತೀರ್ಪುಗಾರ ಬೆಲ್ಡಿಂಗ್, ನಿವೃತ್ತ ದಂತವೈದ್ಯ. ಜನರ ಬಾಯೊಳಗೆ ಇಣುಕಿ ಇಣುಕಿ ಮನುಷ್ಯರ ಮೇಲೆ ನಂಬಿಕೆ ಕಳೆದುಕೊಂಡಿದ್ದವನು. ಎಮೆಟ್ ತನ್ನ ಮೇಜಿನ ಮೇಲೆ ‘ನೂರು ವರ್ಷದಿಂದ ನೀರು ಸೋಕದ ಜುಟ್ಟು’ ಎಂದು ಚೀಟಿ ಇಟ್ಟಿದ್ದ. ಬೆಲ್ಡಿಂಗ್ ಹೊಸದಾಗಿ ತರಿಸಿದ್ದ ನೇರಳೆ ದೀಪವನ್ನು ಅದರ ಮೇಲೆ ಹಿಡಿದ. ಜುಟ್ಟು ಬಾರಿನ ಬೋರ್ಡಿನಂತೆ ಝಗ್ಗೆಂದಿತು.

“ಹಳೇ ಕೂದಲು ಈ ದೀಪಕ್ಕೆ ಹೊಳೆಯಲ್ಲ, ವಾಸೆಕ್. ಇದು ನಕಲಿ.”

ನಕಲಿ ತಂದವನ ಹೆಸರು ಸಂಘದಿಂದ ಕಿತ್ತುಹೋಗುತ್ತದೆ. ಆಮೇಲೆ ಸುತ್ತಲ ಐದು ರಾಜ್ಯಗಳಲ್ಲಿ ಒಬ್ಬನೂ ಅವನಿಗೆ ಹಳೇ ಸಮವಸ್ತ್ರದ ಗುಂಡಿ ಕೂಡ ಮಾರುವುದಿಲ್ಲ, ಮೋಸಗಾರ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಎಮೆಟ್ ಮೇಜು ಬಳಸಿ ಮುಂದೆ ಬಂದ.

“ದೇವರಾಣೆ ಅಸಲಿ, ಡಾಕ್ಟ್ರೇ! ಹರಾಜಲ್ಲಿ ಸಿಕ್ಕ ಹಾಗೇ ಇದೆ.”

“ಎಲ್ಲರೂ ಹಂಗೇ ಹೇಳೋದು.”

ಮಡಚುವ ಕುರ್ಚಿಯಲ್ಲಿ ಕೂತಿದ್ದ ಡೋರೀನ್ ಎದ್ದು ಬಂದಳು. “ನಕಲಿ ಅಲ್ಲ ಕಣ್ರೀ. ನಾನು ಒಗೆದಿದ್ದೆ.”

“ಏನಂದ್ರಿ?”

“ಬಟ್ಟೆ ಒಗೆಯೋ ಪುಡಿ ಹಾಕಿ ಒಗೆದೆ. ಇದಕ್ಕೂ ಅದೇ ಪುಡಿ, ನೋಡಿ ಬೇಕಾದ್ರೆ.” ಅವನ ಕೈ ಹಿಡಿದು ದೀಪವನ್ನು ತನ್ನ ಅಂಗಿಯ ತೋಳಿನತ್ತ ತಿರುಗಿಸಿದಳು. ಬಿಳಿ ತೋಳೂ ಹಾಗೇ ಝಗ್ಗೆಂದಿತು. “ಇರುವೆ ಮುತ್ತಿದ್ವು. ಇನ್ನೇನ್ ಮಾಡ್ಲಿ?”

“ಕುದುರೆಕೂದಲಿಗೆ ಇರುವೆ ಯಾಕಮ್ಮ ಬರುತ್ತೆ?”

“ಗ್ರೇವಿ ಮೆತ್ತಿತ್ತಲ್ಲ.”

ಅಂದಮೇಲೆ ಅವಳಿಗೇ ಅಯ್ಯೋ ಅನ್ನಿಸಿತು. ಬೀಗ ಹಾಕಿದ ಗಾಜಿನ ಪೆಟ್ಟಿಗೆಯೊಳಗಿನ ಜುಟ್ಟಿಗೆ ಗ್ರೇವಿ ಹೇಗೆ ಮೆತ್ತೀತು? ಸುತ್ತ ನೆರೆದಿದ್ದವರೆಲ್ಲ ಅದನ್ನೇ ಯೋಚಿಸುತ್ತಿದ್ದರು.

“ಬೆಕ್ಕು...” ಎಂದು ಶುರು ಮಾಡಿದಳು. ಸುಳ್ಳೆಂದರೆ ಆಗದ ಡೋರೀನ್, ತನಗೋಸ್ಕರ ಊರೆದುರು ಸುಳ್ಳು ಹೇಳಲು ಹೊರಟಿದ್ದಾಳೆ! ಎಮೆಟ್‌ಗೆ ತಡೆಯಲಾಗಲಿಲ್ಲ.

“ಬೆಕ್ಕನ್ನ ಬಿಡೇ ಮಾರಾಯ್ತಿ. ನಾನೇ ಡಾಕ್ಟ್ರೇ. ಭಾನುವಾರ ಹಾಕ್ಕೊಂಡು ತಿಂಡಿ ತಿಂತೀನಿ. ಬಗ್ಗಿದಾಗ ಜುಟ್ಟು ತಟ್ಟೆಗೆ ಬಿದ್ದಿರ್ಬೇಕು.” ಹೆಂಡತಿಯತ್ತ ತಿರುಗಿದ. “ನಿಂಗೆ ಯಾವಾಗ ಗೊತ್ತಾಯ್ತು?”

“ಮೊದಲನೇ ಭಾನುವಾರವೇ. ಹಣೆ ಮೇಲೆ ಅಂಚು ಒತ್ತಿದ ಕೆಂಪು ಗೆರೆ ಇಟ್ಕೊಂಡು ನೀನೇ ಬಾಗಿಲು ತೆಗೆದೆಯಲ್ಲ. ನಂಗೇನು ಕಣ್ಣಿಲ್ವಾ?”

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಬೆಲ್ಡಿಂಗ್ ನಗಲಿಲ್ಲ. ‘ಅಸಲಿ’ ಎಂದು ಬರೆದ. ಅದರ ಕೆಳಗೆ ‘ನಿಯಮಭಂಗ, ಎರಡು ವರ್ಷ ಪ್ರವೇಶವಿಲ್ಲ’ ಎಂದೂ ಬರೆದ. ಮೋಸಗಾರ ಅನ್ನಿಸಿಕೊಳ್ಳಲಿಲ್ಲವಲ್ಲ, ಅಷ್ಟೇ ಸಾಕು ಎಂದು ಎಮೆಟ್ ಶಿರಸ್ತ್ರಾಣ ಎತ್ತಿಕೊಂಡು ಹೊರಟ.

ಲಾರಿಯ ಬಾಗಿಲು ತೆಗೆಯುವಾಗ ಹಿಂದಿನಿಂದ ಬೆಲ್ಡಿಂಗ್ ಏದುಸಿರು ಬಿಡುತ್ತಾ ಬಂದ. ಕುಂಬಳಕಾಯಿಯಂಥ ತಲೆ ಬೆವತಿತ್ತು.

“ವಾಸೆಕ್, ನನ್ನ ಹತ್ರ ಮೂವತ್ತೊಂದಿವೆ. ಬಾಗಿಲು ಹಾಕ್ಕೊಂಡು ಎಲ್ಲಾ ತಲೆಗಿಟ್ಟು ನೋಡಿದೀನಿ. ಒಂದೂ ಇಳಿಯಲ್ಲ ಕಣೋ, ನೆತ್ತಿ ಮೇಲೇ ನಿಂತ್ಬಿಡುತ್ತೆ.” ದನಿ ತಗ್ಗಿಸಿದ. “ಹಾಕ್ಕೊಂಡ್ರೆ ಹೆಂಗಿರುತ್ತೋ?”

ಎಮೆಟ್‌ಗೆ ಜೀವಮಾನದಲ್ಲಿ ಮೊದಲ ಸಲ ದೊಡ್ಡ ತಲೆಯವನೊಬ್ಬನ ಮೇಲೆ ಕನಿಕರ ಹುಟ್ಟಿತು.

“ಸೆಕೆ, ಡಾಕ್ಟ್ರೇ. ಕಡಿತ ಬೇರೆ,” ಎಂದು ಸುಳ್ಳು ಹೇಳಿದ.