ಬೆಳಕಿಗೆ ಹಿಡಿದು ನೋಡುತ್ತಿದ್ದ ಭಾಗಕ್ಕ

ಕಾಣುವ ಕಣ್ಣನ್ನೂ, ಕಂಡದ್ದನ್ನು ನಂಬಬೇಕೋ ಬೇಡವೋ ಎಂದು ಕೇಳುವ ಬುದ್ಧಿಯನ್ನೂ ಕೊಟ್ಟ ಭಗವಂತನಿಗೆ ಮೊದಲ ನಮಸ್ಕಾರ. ಅಕ್ಷರ ತಿದ್ದಿಸಿದ ಗುರುಗಳಿಗೆ ಎರಡನೆಯದು. ಹುಟ್ಟಿದ ಮನೆಯಲ್ಲಿ ನನಗೆ ಅಕ್ಕನಾಗಿ ಬಂದ ಚಂದ್ರಭಾಗಾಬಾಯಿಗೆ ಮೂರನೆಯದು. ಈ ಮೂರನೆಯ ನಮಸ್ಕಾರವನ್ನು ಆಕೆ ಬದುಕಿದ್ದಾಗ ಮಾಡಿದ್ದರೆ, "ಏನು ಬೇಕಾಗ್ಯಾದೋ ತಮ್ಮಾ ನಿನಗ?" ಎಂದು ಕೇಳುತ್ತಿದ್ದಳು.

ಊರಿಗೆಲ್ಲ ಆಕೆ ಭಾಗಕ್ಕ. ದೇವಸ್ಥಾನಕ್ಕೆ ಒಯ್ಯುವ ತೆಂಗಿನಕಾಯಿಯ ಬುಡಕ್ಕೆ ಯಾರಿಗೂ ಕಾಣದಂತೆ ಕಾಡಿಗೆಯ ಒಂದು ಚುಕ್ಕೆ ಇಡುತ್ತಿದ್ದಳು. ಪೂಜೆ ಮುಗಿದು ಹೋಳು ಕೈಗೆ ಬಂದಾಗ ಅದನ್ನು ತಿರುವಿ, ಚುಕ್ಕೆ ಕಂಡರೆ ಮಾತ್ರ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. "ದೇವರ ಮ್ಯಾಲ ನನಗ ಪೂರಾ ಭರೋಸಾ ಅದ. ಪೂಜಾರಿ ಮಾತು ಬ್ಯಾರೆ" ಎನ್ನುವುದು ಆಕೆಯ ಸಿದ್ಧಾಂತ. ನಾರಾಯಣಖೇಡದ ನಿಲ್ದಾಣದಲ್ಲಿ ಬಸ್ಸು ಹತ್ತುವ ಮೊದಲು ಅದು ಎಲ್ಲಿಗೆ ಹೋಗುತ್ತದೆಂದು ಕಂಡಕ್ಟರನನ್ನು ತೆಲುಗಿನಲ್ಲಿ, ಡ್ರೈವರನನ್ನು ಉರ್ದುವಿನಲ್ಲಿ, ಕುಳಿತ ಮೇಲೆ ಪಕ್ಕದವಳನ್ನು ಕನ್ನಡದಲ್ಲಿ ಕೇಳುವಳು. ಮೂರು ಭಾಷೆಗಳಲ್ಲಿಯೂ ಒಂದೇ ಉತ್ತರ ಬಂದರೆ ನನ್ನ ಕಿವಿಯಲ್ಲಿ, "ಎಲ್ಲಾರೂ ಮೊದಲೇ ಮಾತಾಡಿಕೊಂಡಾರ" ಎನ್ನುವಳು.

ಸಂಶಯವೆಂಬುದು ಶ್ರದ್ಧೆಗೆ ಹಿಡಿಯುವ ಗೆದ್ದಲು ಎಂದು ಪಾಠಶಾಲೆಯಲ್ಲಿ ಕಲಿತು ಬಂದವನು ನಾನು. ಅಕ್ಕನ ಸ್ವಭಾವ ನನಗೆ ನಗುವನ್ನೂ ಕೆಲವೊಮ್ಮೆ ನಾಚಿಕೆಯನ್ನೂ ತರುತ್ತಿತ್ತು. ಆಕೆಯ ಮೊಮ್ಮಗಳು ವಿಜಯಾಳ ಮದುವೆಯ ಬಟ್ಟೆ ತರಲು ಹೋದ ದಿನದವರೆಗೆ ಅದು ಹಾಗೆಯೇ ಇತ್ತು.

ವರ ಸಂಗಮೇಶ ತಾಂಡೂರಿನವನು. ಅಲ್ಲಿಯ ಒಂದು ಬೇಳೆ ಗಿರಣಿಯಲ್ಲಿ ತೊಗರಿ ಪರೀಕ್ಷಿಸುವ ಕೆಲಸ. ಮದುವೆಯ ಬಟ್ಟೆ ಕೊಳ್ಳುವುದಕ್ಕೆ ನಮ್ಮಲ್ಲಿ ಬಸ್ತಾ ಎನ್ನುತ್ತೇವೆ. ಎರಡೂ ಕಡೆಯ ಬೀಗರಿಗೆ ನಡುವಾಗಲೆಂದು ಜಹೀರಾಬಾದಿನ ಒಂದು ಅಂಗಡಿಯಲ್ಲಿ ಕೂಡಿದೆವು. ಬಿಳಿ ಹಾಸಿನ ಗಾದಿಯ ಮೇಲೆ ಹೆಂಗಸರೆಲ್ಲ ಮುಂದೆ ಸರಿದು ಕುಳಿತರೆ, ವರ ಚಪ್ಪಲಿ ಬಿಟ್ಟ ಜಾಗಕ್ಕೆ ಸಮೀಪ ಕುಳಿತ. ಶೇರವಾನಿ ತೋರಿಸಿದರೆ, "ನಿಮಗ ಛಲೋ ಅನಿಸಿದ್ದು ತಗೋರಿ." ಪೇಟ ತೋರಿಸಿದರೂ ಅದೇ ಮಾತು. ಯಾವ ಬಣ್ಣವೆಂದು ಕೇಳಿದರೆ ತಾಯಿಯ ಮುಖ ನೋಡುವನು. ತಾಯಿ, "ಅಂವಗೇನು ತಿಳೀತದರಿ, ನಾನೇ ಆರಸ್ತೀನಿ" ಎಂದು ಮುಂದೆ ಬರುವರು. ನಡುವೆ ಬಾರದ ಫೋನನ್ನು ಕಿವಿಗೆ ಹಿಡಿದು ಎರಡು ಬಾರಿ ಹೊರಗೆ ಹೋದ.

ಭಾಗಕ್ಕ ಒಂದೊಂದು ಸೀರೆಯನ್ನೂ ಅಂಗಡಿಯ ಹೊಸ್ತಿಲಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. "ಅಮ್ಮಾ, ಪಕ್ಕಾ ರಂಗ್, ಗ್ಯಾರಂಟಿ!" ಎಂದು ಅಂಗಡಿಯವನು ಎದೆ ಮುಟ್ಟಿಕೊಂಡರೆ, "ನಿನ್ನ ದೀಪದಾಗ ನಾನೂ ಹದಿನಾರರಾಕಿ ಕಾಣ್ತೀನಿ, ಸುಮ್ಮನಿರು" ಎಂದಳು. ಹೊಸ್ತಿಲಿಂದ ಹಿಂದಿರುಗುವಾಗ ನನ್ನ ಬಳಿ ಬಾಗಿ, "ಅವ್ವ ಮಾತಾಡ್ತಾಳ, ಮಗ ಮಾರಿ ನೋಡ್ತಾನ. ಇದ್ರಾಗ ಏನೋ ಅದ" ಎಂದು ಪಿಸುಗುಟ್ಟಿದಳು. ನನ್ನೊಳಗೂ ಶಂಕೆ ಹೊಕ್ಕಿತು. ಬೇರೆ ಹುಡುಗಿಯೋ? ಕುಡಿತವೋ? ಬಲವಂತದ ಮದುವೆಯೋ? ಜಪದಲ್ಲಿ ನಿಲ್ಲದ ಮನಸ್ಸು ಇಂಥದರಲ್ಲಿ ಎಷ್ಟು ಏಕಾಗ್ರವಾಗುತ್ತದೆಂದು ಅಂದು ತಿಳಿಯಿತು.

ನಮ್ಮ ಮನೆತನದಲ್ಲೊಂದು ಪದ್ಧತಿಯಿದೆ. ಬಳೆ ಇಡಿಸುವ ದಿನ ವಧು ಉಡುವ ಹಸಿರು ಸೀರೆಯನ್ನು ವರನೇ ಕೈಯಾರೆ ಆರಿಸಿ ಕೊಡಬೇಕು. ಸೀರೆಗಳ ರಾಶಿ ಮುಂದಿಟ್ಟಾಗ ತಾಯಿ ತಡೆಯಲು ಬಂದರು; ಭಾಗಕ್ಕ ಒಪ್ಪಲಿಲ್ಲ. ಸಂಗಮೇಶ ಮೆಲ್ಲನೆ ಮುಂದೆ ಬಂದ. ಒಂದಾದ ಮೇಲೊಂದು ಸೀರೆಯ ಮೇಲೆ ಬೆರಳಾಡಿಸಿದ. ಬಹಳ ಹೊತ್ತಿನ ನಂತರ ಒಂದನ್ನೆತ್ತಿ ವಿಜಯಾಳ ಮುಂದೆ ಹಿಡಿದ.

ಅದು ಇಟ್ಟಿಗೆಯ ಬಣ್ಣದ್ದಾಗಿತ್ತು.

"ದಾಮಾದ್‌ಜೀ ಕೀ ಪಸಂದ್..." ಎಂದು ಅಳಿಯನ ಆಯ್ಕೆಯನ್ನು ಹೊಗಳಲು ಆರಂಭಿಸಿದ ಅಂಗಡಿಯವನು ಅಲ್ಲಿಗೇ ನಿಂತ. "ಚೇಷ್ಟಿ ಮಾಡ್ತಾನ್ರಿ ಹುಡುಗ" ಎಂದು ತಾಯಿ ನಕ್ಕರು. ಜೊತೆಗೆ ಯಾರೂ ನಗಲಿಲ್ಲ. ವಿಜಯಾ ತಲೆ ತಗ್ಗಿಸಿದಳು. ನಾನು ಎದ್ದು ನಿಂತೆ.

"ನಡಿ ಅಕ್ಕಾ. ಬಾಯಿಲೆ ಹೇಳಲಾರದ್ದು ಕೈಲೆ ಹೇಳ್ಯಾನ. ಈ ಸಂಬಂಧ ಮುಗೀತು."

"ಕೂಡು" ಎಂದಳು ಭಾಗಕ್ಕ. "ಎಲ್ಲಾರಿಗೂ ಒಮ್ಮಿಗೇ ತಿಳಿದದ್ದು ಖರೇ ಇರಂಗಿಲ್ಲ."

ಚಹಾ ಕುಡಿಯುವ ನೆವದಲ್ಲಿ ಸಂಗಮೇಶನನ್ನೂ ನನ್ನನ್ನೂ ಹೊರಗೆ ಕರೆದೊಯ್ದಳು. ರಸ್ತೆಯಾಚೆ ಟೊಮೆಟೊ ಗಾಡಿಯೊಂದು ನಿಂತಿತ್ತು. "ತಮ್ಮಾ, ನನ್ನ ಕಣ್ಣು ಮಂಜಾಗ್ಯಾವ. ಆ ಟಮಾಟಿ ಹಣ್ಣಾಗ್ಯಾವೋ, ಕಾಯಿ ಅದಾವೋ ಹೇಳು" ಎಂದಳು. ಸಂಗಮೇಶ ನಿಂತಲ್ಲಿಂದ ಹೇಳಲಿಲ್ಲ. ರಸ್ತೆ ದಾಟಿ, ಒಂದೆರಡನ್ನು ಮೆಲ್ಲಗೆ ಹಿಚುಕಿ ನೋಡಿ, "ಈ ಕಡಿವು ಹಣ್ಣರಿ, ಆ ಕಡಿವು ಕಾಯಿ" ಎಂದ. ಹಿಂದೆಯೇ ಹೋಗಿ ನಿಂತಿದ್ದ ಅಕ್ಕ ಕೇಳಿದಳು:

"ಅಲ್ಲಿಂದೇ ಕೆಂಪಗ ಕಾಣ್ತಾವ. ಹಿಚುಕಿ ಯಾಕ ನೋಡಿದಿ?"

ಆತನ ಕೈಯಲ್ಲಿದ್ದ ಹಣ್ಣು ಕೈಯಲ್ಲೇ ಉಳಿಯಿತು.

"ಹುಟ್ಟಿದಾಗಿಂದ ಹಿಂಗೇ ಅದರಿ ಆಯಿ. ಕೆಂಪು, ಹಸರು ಎರಡೂ ನನಗ ಮಣ್ಣಿನ ಬಣ್ಣದಂಗ ಕಾಣ್ತಾವ. ಕಣ್ಣಿನ ದೋಷ ಅದ ಅಂತ ಮೊದಲೊಂದು ಸಂಬಂಧ ಮುರದು ಹೋತು. ಅದಕ್ಕ ಹೇಳಬ್ಯಾಡ ಅಂತ ಅವ್ವ ಆಣಿ ಹಾಕ್ಯಾಳ. ಹೇಳಲಾರದೆ ಲಗ್ನ ಮಾಡಿಕೊಳ್ಳಾಕ ನನಗ ಮನಸಿಲ್ರಿ."

ಭಾಗಕ್ಕ ಬೈಯುವಳೆಂದುಕೊಂಡೆ. ಆಕೆ ಅಂಗಡಿಯ ಕಡೆ ತಿರುಗಿ ವಿಜಯಾಳನ್ನು ಕೂಗಿ ಕರೆದಳು. "ಇನ್ನೊಮ್ಮೆ ಹೇಳು ತಮ್ಮಾ. ಬಾಳೇ ಮಾಡಾಕಿ ಇಕಿ, ನಾನಲ್ಲ."

ಆತ ಇನ್ನೊಮ್ಮೆ ಹೇಳಿದ. ಗಾಡಿಯವನು ಕೂಡ ತಕ್ಕಡಿ ಬಿಟ್ಟು ವಿಜಯಾಳನ್ನೇ ನೋಡುತ್ತಿದ್ದ.

"ನನ್ನ ಕೂದಲಾ ಬೆಳ್ಳಗಾದ್ರ ನಿಮಗ ಕಾಣ್ತಾವೇನ್ರಿ?"

"ಕಪ್ಪು ಬಿಳಿ ಛಂದಾಗಿ ಕಾಣ್ತದರಿ."

"ಹಂಗಾದ್ರ ಅದೊಂದು ಮಾತ್ರ ಕಾಣಲ್ಲ ಅಂತ ಹೇಳ್ರಿ. ಉಳಿದದ್ದೆಲ್ಲಾ ಖರೇ ಹೇಳಿದ್ರ ಸಾಕು."

ಒಳಗೆ ಬಂದಾಗ, ಬಾಗಿಲಿನಿಂದಲೇ ನೋಡಿ ಗುಟ್ಟು ಹೊರಬಿತ್ತೆಂದು ಅರಿತ ಸಂಗಮೇಶನ ತಾಯಿಯ ಕಣ್ಣಲ್ಲಿ ನೀರಿತ್ತು. ಭಾಗಕ್ಕ ಅವರ ಪಕ್ಕದಲ್ಲಿ ಕುಳಿತು, "ಅಳಬ್ಯಾಡ್ರಿ ಬೀಗತಿ. ಮುಚ್ಚಿಡಾಕ ಬರಲಾರದಂಥ ಮಗನ್ನ ಹಡದೀರಿ. ಅದನ್ನ ನೋಡೇ ಹುಡುಗಿ ಕೊಡ್ತೀವಿ" ಎಂದಳು. ವಿಜಯಾ ಬೆರಳಿಟ್ಟು ತೋರಿಸಿದ ಹಸಿರು ಸೀರೆಯನ್ನು ವರ ಎರಡೂ ಕೈಗಳಿಂದ ಎತ್ತಿ ಕೊಟ್ಟ. ಪದ್ಧತಿ ನೆರವೇರಿತು.

ಇಟ್ಟಿಗೆ ಬಣ್ಣದ ಸೀರೆಯನ್ನು ಮಾತ್ರ ಅಕ್ಕ ಬಿಡಲಿಲ್ಲ. ಹೊಸ್ತಿಲಿಗೆ ಒಯ್ದಳು, ಎಳೆ ಎಳೆದಳು, ಮುಷ್ಟಿಯಲ್ಲಿ ಹಿಚುಕಿದಳು, ಮೂಸಿದಳು. ಕೊನೆಗೆ, ತನಗೆ ಅನ್ಯಾಯವಾದವಳ ಹಾಗೆ, "ಇದರಾಗ ತಪ್ಪೇ ಸಿಗವಲ್ದು" ಎಂದಳು. "ತೊಗರಿನೂ ನಾನು ಬೆರಳಿಲೇ ನೋಡ್ತೀನ್ರಿ" ಎಂದ ಸಂಗಮೇಶ. ಆ ಸೀರೆಯನ್ನು ಆಕೆ ತನಗಾಗಿಯೇ ಕೊಂಡಳು. ಅಂದಿನಿಂದ ನಮ್ಮ ಮನೆಗೆ ಬಂದ ಯಾವ ಅರಿವೆಯೂ ತಾಂಡೂರಿನ ಅಳಿಯನ ಬೆರಳು ದಾಟದೆ ಒಪ್ಪಿಗೆ ಪಡೆಯಲಿಲ್ಲ. ಲೋಕದಲ್ಲಿ ಆಕೆ ಮರುಪ್ರಶ್ನೆಯಿಲ್ಲದೆ ನಂಬಿದ್ದು, ನಾನು ಕಂಡಂತೆ, ಆ ಬೆರಳುಗಳನ್ನು ಮಾತ್ರ.

ಕಳೆದ ಶ್ರಾವಣದಲ್ಲಿ ಆಕೆ ಹಾಸಿಗೆ ಹಿಡಿದಾಗ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಮಾತು ಬಹಳ ಕ್ಷೀಣವಾಗಿತ್ತು. "ತಮ್ಮಾ, ನಾ ಉಟ್ಟ ಈ ಹೊಸಾ ಸೀರಿ ನೀ ಇನ್ನಾ ಮುಟ್ಟಿ ನೋಡಿಲ್ಲ. ಯಾವ ಬಣ್ಣದ್ದು ಹೇಳು" ಎಂದು ಕೆಣಕಿದಳು. ಆತ ಸೆರಗಿನ ಅಂಚನ್ನು ಬೆರಳ ನಡುವೆ ಹಿಡಿದು ನೋಡಿದ.

"ಬಣ್ಣ ಗೊತ್ತಾಗವಲ್ದರಿ ಆಯಿ. ಆದ್ರ ಅಂಗಡ್ಯಾಂವ ನಿಮಗ ಮೋಸ ಮಾಡ್ಯಾನ."

"ನನಗ ಗೊತ್ತಿತ್ತು!" ಎಂದಳು ಭಾಗಕ್ಕ. ಅಷ್ಟು ತೃಪ್ತಿಯ ಮುಖವನ್ನು ನಾನು ಗರ್ಭಗುಡಿಯ ಮುಂದೆಯೂ ಕಂಡಿರಲಿಲ್ಲ. ಅದಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡಳು.

ಆ ದಿನ ಜಹೀರಾಬಾದಿನಲ್ಲಿ ಕೂಡಿದವರಿಗೆಲ್ಲ ಒಳಿತಾಗಲಿ: ಹೆದರಿ ಮುಚ್ಚಿಟ್ಟ ತಾಯಿಗೆ, ಎದೆ ಮುಟ್ಟಿಕೊಂಡು ಮಾರಿದ ಅಂಗಡಿಯವನಿಗೆ, ತಕ್ಕಡಿ ಮರೆತು ನಿಂತ ಗಾಡಿಯವನಿಗೆ. ವಿಜಯಾಳ ಕೂದಲು ನರೆಯುವ ತನಕ ಆ ದಂಪತಿಗಳು ಜೊತೆಯಲ್ಲಿ ಬಾಳಲಿ. ನರೆತದ್ದು ಆತನಿಗೆ ಕಾಣದಿರಲಿ. ನನ್ನ ಅಕ್ಕ ಈಗ ಯಾವ ಬಾಗಿಲಲ್ಲಿ ನಿಂತಿದ್ದಾಳೋ, ಇದು ಅದೇ ಊರು ಹೌದೋ ಅಲ್ಲವೋ ಎಂದು ಮೂವರನ್ನು ಕೇಳುವಷ್ಟು ಪುರಸತ್ತು ಆಕೆಗೆ ದೊರೆಯಲಿ. ಮೂವರೂ ನಿಜವನ್ನೇ ಹೇಳಲಿ.