ನಂಜಕ್ಕನಿಗೆ ಓದದೆ ಬಿಟ್ಟ ಅಧ್ಯಾಯ

ನಂಜಕ್ಕ, ಆ ಕಾದಂಬರಿಯ ಕೊನೆ ನಾನು ನಿನಗೆ ಓದಿ ಹೇಳಿದ ಹಾಗಿಲ್ಲ. ಅದನ್ನು ನಾನೇ ಕಟ್ಟಿ ಹೇಳಿದೆ. ಪುಸ್ತಕದಲ್ಲಿ ವಿಮಲೆ ಬಸ್ಸು ಹತ್ತುವುದೇ ಇಲ್ಲ — ಏಳು ವರ್ಷದಿಂದ ನಿನಗೆ ಹೇಳದೆ ಮುಚ್ಚಿಟ್ಟ ಮಾತು ಇದು.

ಯುದ್ಧದ ಕಾಲ, ನಿನಗೆ ನೆನಪಿರಬೇಕು. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಓದು ಬಲ್ಲ ಹುಡುಗಿಯರಿಗೆಲ್ಲ ಆ ಕಾದಂಬರಿಯ ಹುಚ್ಚು. ಒಬ್ಬಳ ಸೆರಗಿನಿಂದ ಇನ್ನೊಬ್ಬಳ ಸೆರಗಿಗೆ ದಾಟುತ್ತ ನನ್ನ ಕೈಗೆ ಬರುವಷ್ಟರಲ್ಲಿ ಅದರ ರಟ್ಟೇ ಕಿತ್ತುಹೋಗಿತ್ತು. ನನಗಾಗ ಹದಿನಾಲ್ಕು. ನಿನಗೆ ಹದಿನೇಳು, ಪಕ್ಕದ ಮನೆ, ಅಕ್ಷರ ಬಾರದು. ದಿನಾ ಮಧ್ಯಾಹ್ನ ನಮ್ಮ ಹಿತ್ತಿಲ ನೆರಳಲ್ಲಿ ನೀನು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ, ನಾನು ಓದುತ್ತಿದ್ದೆ.

ಎದುರುಮನೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು ಅರಕಲಗೂಡಿಗೆ ವರ್ಗವಾಗಿ ನಾಲ್ಕು ತಿಂಗಳಾಗಿತ್ತು. "ಬಂದು ನಿಮ್ಮಪ್ಪನ್ನ ಕೇಳ್ತೀನಿ" ಎಂದು ನಿನಗೆ ಹೇಳಿ ಹೋದವರದು ಸುದ್ದಿಯೇ ಇಲ್ಲ. ಈ ಕಡೆ ಚನ್ನರಾಯಪಟ್ಟಣದ ಹುಡುಗನಿಗೆ ನಿನ್ನನ್ನು ಕೊಡುವ ಮಾತು ಮುಗಿದು ವೀಳ್ಯಶಾಸ್ತ್ರಕ್ಕೆ ದಿನವನ್ನೂ ನೋಡಿದ್ದರು. ಮೇಷ್ಟ್ರ ವಿಷಯ ಗೊತ್ತಿದ್ದವಳು ನಾನೊಬ್ಬಳೇ.

ಕೊನೆಯ ಅಧ್ಯಾಯವನ್ನು ನಾನು ಮುಂಚೆಯೇ ಕದ್ದು ಓದಿಬಿಟ್ಟೆ. ಥೂ! ಅಷ್ಟು ಪುಟ ಕಾಯಿಸಿ, ವಿಮಲೆಗೆ ಮಾತು ಕೊಟ್ಟ ಆ ಗಂಡಸು ಅಪ್ಪ ತೋರಿಸಿದವಳಿಗೆ ತಾಳಿ ಕಟ್ಟಿ, ವಿಮಲೆಗೆ ಒಂದು ಕಾಗದ ಬರೆದು ಹಾಕುತ್ತಾನೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ತೆಪ್ಪಗೆ ಇನ್ನೊಬ್ಬನನ್ನು ಮದುವೆಯಾಗುತ್ತಾಳೆ. ಮೇಲೆ ಎರಡು ಪುಟ ತಾಳ್ಮೆಯ ಉಪದೇಶ ಬೇರೆ! ಇದಕ್ಕಾ ಬೀದಿಯೆಲ್ಲ ಅತ್ತಿದ್ದು? ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಮಾರನೆಯ ದಿನ ನಿನ್ನ ಮುಂದೆ ಕೂತು, ಪುಟ ತಿರುಗಿಸುತ್ತ, ನನಗೆ ಬೇಕಾದ್ದನ್ನು ಓದಿದೆ — ವಿಮಲೆ ಬೆಳಗಿನ ಬಸ್ಸು ಹತ್ತುತ್ತಾಳೆ, ಅವನ ಬಾಗಿಲಲ್ಲಿ ನಿಂತು ಮಾತಾಡುತ್ತಾಳೆ, ಅವನು ಓಡಿ ಬಂದು ಕೈ ಹಿಡಿಯುತ್ತಾನೆ...

ನಿನ್ನ ಕೈ ನಿಂತುಬಿಟ್ಟಿತು. "ದಿಟ್ವಾಗ್ಲೂ ಅಂಗೇ ಬರ್ದವ್ರೇನೆ ಗಿರಿಜಾ?"

"ಊಂ ಕಣಕ್ಕ, ಅಚ್ಚಾಗೈತೆ ನೋಡು" ಎಂದು ಒಂದು ಸಾಲಿನ ಮೇಲೆ ಬೆರಳಿಟ್ಟೆ. ಆ ಸಾಲಿನಲ್ಲಿ ಇದ್ದದ್ದು ಅವನ ಮದುವೆಯ ಊಟದ ವರ್ಣನೆ. ನೀನು ಅದನ್ನು ಮುಟ್ಟಿ ನೋಡಿದೆ. ಅಚ್ಚಾದದ್ದು ಸುಳ್ಳಾಗುವುದುಂಟೇ ಎನ್ನುವ ಮನೆಗಳು ನಮ್ಮವು.

ಮೂರನೆಯ ದಿನ ನೀನಿಲ್ಲ. ಪೆಟ್ರೋಲಿಲ್ಲದೆ ಇದ್ದಿಲಲ್ಲಿ ಓಡುತ್ತಿದ್ದ ಅರಕಲಗೂಡಿನ ಬಸ್ಸು ಹತ್ತಿದ್ದನ್ನು ಯಾರೋ ಕಂಡಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ನಿಮ್ಮವ್ವ ನಮ್ಮ ಹೊಸಿಲು ದಾಟುವ ಮೊದಲೇ ಪುಸ್ತಕವನ್ನು ರಾಗಿ ಗುಡಾಣದೊಳಗೆ ತುರುಕಿದ್ದೆ. ಅವರು ನನ್ನ ಗಲ್ಲ ಹಿಡಿದು ಕೇಳಿದರು: "ಅಲ್ಲಿ ಯಾರವ್ರೆ ಅವ್ಳಿಗೆ? ನಿಂಗೇನಾರ ಏಳಿದ್ಲೇನವ್ವ?"

"ಇಲ್ಲ ಕಣತ್ತೆ, ನಂಗೇನೂ ಗೊತ್ತಿಲ್ಲ."

ಸಂಜೆ ಬಸ್ಸಿಗೆ ನೀನು ವಾಪಸು ಬಂದೆ. ಮೇಷ್ಟ್ರ ಮನೆ ಬಾಗಿಲು ತೆರೆದವಳು ಅವರ ಹೊಸ ಹೆಂಡತಿ ಎಂದು ಆಮೇಲೆ ನನ್ನ ಕಿವಿಗೆ ಬಿತ್ತು. ಚನ್ನರಾಯಪಟ್ಟಣದವರು ಸಂಬಂಧ ಬೇಡವೆಂದರು. ಎರಡು ಮಕ್ಕಳಿದ್ದ ಶಾಂತಿಗ್ರಾಮದ ವಿಧುರನಿಗೆ ನಿನ್ನನ್ನು ಕೊಟ್ಟು ಕೈ ತೊಳೆದುಕೊಂಡರು. ಇಷ್ಟಾದರೂ ನೀನು ನನ್ನ ಹೆಸರೆತ್ತಲಿಲ್ಲ. ನಾನೋ — ಗೋಡೆಯಾಚೆ ನಿನಗೆ ಒದೆ ಬೀಳುವ ಸದ್ದು ಕೇಳುತ್ತಿದ್ದರೆ, ಎಲ್ಲಿ ನನ್ನ ಹೆಸರು ಬಂದೀತೋ ಎಂದು ಮಾತ್ರ ಕಿವಿಗೊಟ್ಟು ಕೂತಿದ್ದೆ. ನಿನ್ನ ನೋವಿಗಿಂತ ನನ್ನ ಭಯವೇ ನನಗೆ ದೊಡ್ಡದಾಗಿತ್ತು.

ಹೋದ ತಿಂಗಳು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದೆಯಲ್ಲ, ಮಗಳ ಕೈ ಹಿಡಿದುಕೊಂಡು. ಎಷ್ಟು ಬಡವಾಗಿದ್ದೀಯೆ! ನೀನು ನಗುತ್ತಲೇ ಹೇಳಿದೆ: "ಇವ್ಳ ಸ್ಲೇಟು ನೋಡ್ಕಂಡು ನೋಡ್ಕಂಡು ನಾನೂ ಅಕ್ಸರ ಕಲ್ತ್ಬುಟ್ಟೆ ಕಣೆ. ಆ ಪುಸ್ತಕ ಸಿಕ್ರೆ ತಂದ್ಕೊಡೆ. ಆ ವಿಮ್ಲೆ ಬಾಗ್ಲಲ್ಲಿ ನಿಂತ್ಕಂಡು ಏನೇನ್ ಮಾತಾಡಿದ್ಲು ಅಂತ ನೋಡ್ಬೇಕು. ಅವ್ಳಿಗೆ ಬಂದ ಮಾತು ನಂಗ್ ಬರ್ನಿಲ್ಲ, ಅದ್ಕೇ ಇಂಗಾಯ್ತು."

ಅಯ್ಯೋ ನಂಜಕ್ಕ! ಇಷ್ಟು ವರ್ಷ ಇದನ್ನೇ ನಂಬಿಕೊಂಡು ಬದುಕಿದೆಯಾ? ಅಲ್ಲೇ ಹೇಳಬೇಕಿತ್ತು. "ಹುಡುಕ್ತೀನಿ" ಎಂದವಳೇ ನಿನ್ನ ಮಗಳ ಕೆನ್ನೆಯನ್ನೂ ಮುಟ್ಟದೆ ಓಡಿಬಂದೆ.

ವಿಮಲೆ ಯಾರ ಬಾಗಿಲಲ್ಲೂ ನಿಲ್ಲಲಿಲ್ಲ. ಏನೂ ಮಾತಾಡಲಿಲ್ಲ. ನಿನ್ನ ಮಾತಿನಲ್ಲಿ ಕೊರತೆ ಇರಲಿಲ್ಲ ನಂಜಕ್ಕ, ಕೆಟ್ಟದ್ದು ನನ್ನ ಓದಿನಲ್ಲಿ. ಆ ಪುಸ್ತಕ ಇನ್ನೂ ಅಚ್ಚಾಗುತ್ತಲೇ ಇದೆ — ಹೊಸದೊಂದನ್ನು ಕೊಂಡು, ಕೊನೆಯ ಅಧ್ಯಾಯಕ್ಕೆ ದಾರ ಇಟ್ಟು, ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಇನ್ನು ನೀನು ನನ್ನ ಮುಖ ನೋಡಲಾರೆ ಎಂಬ ಭಯ ಈಗಲೂ ಇದೆ. ಇರಲಿ. ಅಕ್ಷರಗಳನ್ನು ದಪ್ಪದಪ್ಪಗೆ, ಬಿಡಿಬಿಡಿಯಾಗಿ ಬರೆದಿದ್ದೇನೆ. ಎಷ್ಟು ದಿನ ಹಿಡಿದರೂ ಹಿಡಿಯಲಿ — ಯಾರ ಕೈಲೂ ಓದಿಸಬೇಡ, ನೀನೇ ಓದು.